ಉಡುಪಿಯಲ್ಲಿ ಕೂತು ಮಂಗಳನ ಕಲ್ಲು ಕೊಳ್ಳುವಾಗ ಏನು ನೋಡಬೇಕು?

ನೀವು ಕೇಳಿದ್ದು ಎರಡು. ಮಲ್ಪೆ ಹತ್ತಿರ ಸಿಕ್ಕ, ಮ್ಯಾಗ್ನೆಟ್‌ಗೆ ಗಟ್ಟಿಯಾಗಿ ಅಂಟುವ ಕರಿ ಕಲ್ಲು ಮಂಗಳ ಗ್ರಹದಿಂದ ಬಂದು ಬಿದ್ದ ಉಲ್ಕಾಶಿಲೆಯೇ? ಅಲ್ಲವಾದರೆ ಮಂಗಳನ ಕಲ್ಲಿನಿಂದ ಕೊಯ್ದದ್ದೆಂದು ಆನ್‌ಲೈನಿನಲ್ಲಿ ಮಾರುವ 1 ಗ್ರಾಂ ಬಿಲ್ಲೆಯನ್ನು ನಂಬಬಹುದೇ?

ಅಷ್ಟು ಗಟ್ಟಿಯಾಗಿ ಅಂಟುತ್ತದೆ ಅನ್ನುವುದೇ ಅದು ಮಂಗಳನದ್ದಲ್ಲ ಎನ್ನಲು ಕಾರಣ. ಸಾಮಾನ್ಯ ಉಲ್ಕಾಶಿಲೆಗಳಲ್ಲಿ ಕಬ್ಬಿಣ-ನಿಕ್ಕಲ್ ಕಣಗಳಿರುತ್ತವೆ. ಮಂಗಳನವು ಹೆಚ್ಚಿನಂಶ ಜ್ವಾಲಾಮುಖಿ ಶಿಲೆಗಳು, ಲೋಹ ಇಲ್ಲವೆನ್ನುವಷ್ಟು ಕಡಿಮೆ. ಬಿಳಿ ಟೈಲಿನ ಹೊಳಪಿಲ್ಲದ ಹಿಂಬದಿಗೆ ಉಜ್ಜಿ ನೋಡಿ (ಮಂಗಳೂರು ಹಂಚು ಬೇಡ, ಕೆಂಪಿನ ಮೇಲೆ ಕೆಂಪು ಕಾಣದು). ಕೆಂಪು ಗೆರೆ ಬಂದರೆ ಹೆಮಟೈಟ್, ನಮ್ಮ ಮುರಕಲ್ಲಿನ ನೆಂಟ. ಕಪ್ಪು ಗೆರೆಯಾದರೆ ಮ್ಯಾಗ್ನೆಟೈಟ್. ಎರಡೂ ಭೂಮಿಯ ಕಬ್ಬಿಣದ ಅದಿರುಗಳೇ. ಒಡೆದಲ್ಲಿ ಗುಳ್ಳೆ ತೂತುಗಳಿದ್ದರೆ ಬಹುಮಟ್ಟಿಗೆ ಕುಲುಮೆಯ ಕಿಟ್ಟ. ಇಂಥ ಪರೀಕ್ಷೆಗಳಿಂದ ಅಲ್ಲ ಎನ್ನಬಹುದು, ಹೌದು ಎನ್ನಲಾಗದು.

ಹೌದು ಎನ್ನಲು ಪ್ರಯೋಗಾಲಯವೇ ಬೇಕು. ಪೈರಾಕ್ಸೀನ್ ಎಂಬ ಖನಿಜದಲ್ಲಿ ಕಬ್ಬಿಣಕ್ಕೂ ಮ್ಯಾಂಗನೀಸ್‌ಗೂ ಇರುವ ಅನುಪಾತ, ಆಕ್ಸಿಜನ್ ಐಸೊಟೋಪುಗಳ (ಬೇರೆ ಬೇರೆ ತೂಕದ ಆಕ್ಸಿಜನ್ ಪರಮಾಣುಗಳ) ಪ್ರಮಾಣ ಭೂಮಿಯವಕ್ಕಿಂತ ಬೇರೆಯಾಗಿರುತ್ತವೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅನಿಲದ್ದು. 1979-80ರ ಶೋಧದಲ್ಲಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಇಇಟಿಎ 79001 ಎಂಬ ಉಲ್ಕಾಶಿಲೆಯಲ್ಲಿ, ಅಪ್ಪಳಿಕೆಯ ಬಿಸಿಗೆ ಕರಗಿ ಗಾಜಾದ ಭಾಗದೊಳಗೆ ಗಾಳಿ ಸಿಕ್ಕಿಬಿದ್ದಿತ್ತು. 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳನ ಮೇಲೆ ಅಳೆದ ಗಾಳಿಗೆ ಅದು ತಾಳೆಯಾಯಿತು. ಮಂಗಳನ ಉಲ್ಕಾಶಿಲೆಗಳಲ್ಲೂ ವರ್ಗಗಳಿವೆ. ನಖ್ಲೈಟ್ ಎಂಬ ವರ್ಗದವು ಸುಮಾರು 130 ಕೋಟಿ ವರ್ಷ ಹಳೆಯವು. ಅವುಗಳ ಬಿರುಕುಗಳಲ್ಲಿ ನೀರು ಹರಿದು ಉಂಟಾದ ಜೇಡಿಮಣ್ಣಿನ ಖನಿಜಗಳಿವೆ. ಶೆರ್ಗೊಟೈಟ್ ಎಂಬ ಇನ್ನೊಂದು ವರ್ಗಕ್ಕೆ ಹೆಸರು ಬಂದದ್ದು 1865ರಲ್ಲಿ ಬಿಹಾರದ ಶೆರ್ಘಾಟಿಯಲ್ಲಿ ಬಿದ್ದ ಸುಮಾರು 5 ಕಿಲೋ ಕಲ್ಲಿನಿಂದ.

ಹಾಗಾಗಿ ಕೊಳ್ಳುವವರು ಕಲ್ಲಿಗಿಂತ ಮೊದಲು ಅದರ ದಾಖಲೆ ನೋಡಬೇಕು. ಅಧಿಕೃತ ಹೆಸರು ಕೇಳಿ, ಉದಾಹರಣೆಗೆ ಎನ್‌ಡಬ್ಲ್ಯುಎ 7034, ಇದು ಮಂಗಳನ ಒಂದು ಉಲ್ಕಾಶಿಲೆ. ಉಲ್ಕಾಶಿಲೆಗಳ ಅಧಿಕೃತ ಪಟ್ಟಿಯಾದ ಮೆಟಿಯೊರಿಟಿಕಲ್ ಬುಲೆಟಿನ್ ಡೇಟಾಬೇಸ್‌ನಲ್ಲಿ ಅದನ್ನು ಉಚಿತವಾಗಿ ಹುಡುಕಬಹುದು. ವರ್ಗ, ಒಟ್ಟು ತೂಕ ಅಲ್ಲಿರುತ್ತದೆ. ಆದರೆ ಮೋಸ ನಡೆಯುವುದು ಇದರ ನಂತರವೇ: ನಂಬರು ಅಸಲಿ, ಕಲ್ಲು ಬೇರೆ. ನಿಮ್ಮ ಬಿಲ್ಲೆ ಯಾರ ಕೈಯಿಂದ ಯಾರಿಗೆ ಬಂತು, ಕೊಯ್ಯುವ ಮೊದಲಿನ ಫೋಟೋ, 0.01 ಗ್ರಾಂವರೆಗಿನ ತೂಕದ ಚೀಟಿ, ಇಷ್ಟನ್ನೂ ಕೇಳಿ. 'ಇನ್ನೂ ವರ್ಗೀಕರಿಸಿಲ್ಲ, ಆದರೆ ಮಂಗಳನದ್ದೇ' ಎಂದರೆ ಬಿಟ್ಟುಬಿಡಿ. ಸೀಸೆಯಲ್ಲಿ ಹಾಕಿದ ಪುಡಿಯನ್ನಂತೂ ನಾನು ಯಾರಿಗೂ ಕೊಳ್ಳಿ ಎನ್ನುವುದಿಲ್ಲ, ಆಮೇಲೆ ತಾಳೆ ನೋಡಲು ಆಕಾರವೇ ಇರುವುದಿಲ್ಲ.

ಕೊಂಡ ಮೇಲೆ ಅದಕ್ಕೆ ನಿಯೋಡಿಮಿಯಂನಂಥ ಬಲವಾದ ಮ್ಯಾಗ್ನೆಟ್ ತಾಗಿಸಬೇಡಿ. ಮಂಗಳನ ಪುರಾತನ ಕಾಂತಕ್ಷೇತ್ರದ ಗುರುತು ಕಲ್ಲಿನಲ್ಲಿ ಉಳಿದಿದ್ದರೆ ಕ್ಷಣದಲ್ಲಿ ಅಳಿಸಿಹೋಗುತ್ತದೆ. ಸಂಗ್ರಾಹಕರ ಮ್ಯಾಗ್ನೆಟ್‌ಗಳಿಂದ ಎನ್‌ಡಬ್ಲ್ಯುಎ 7034ಕ್ಕೆ ಆದದ್ದೂ ಇದೇ.

ನೀರಲ್ಲಿ ತೊಳೆಯುವುದೂ ಬೇಡ. ಆಟಿ ತಿಂಗಳಲ್ಲಿ ಬಟ್ಟೆಯೇ ಒಣಗದ ಊರು ನಮ್ಮದು, ಗಾಳಿಯಲ್ಲಿ ಉಪ್ಪು ಬೇರೆ. ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ 20 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಜೊತೆ ಇಡಿ. ಅದು ಹಸಿರಾದಾಗ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಯ ಓವನ್‌ಗೆ ಹಾಕಬೇಡಿ.