ತೊಡೆಸಂದಿಯ ತುರಿಕೆ ಗುಪ್ತರೋಗ ಇರಬಹುದಾ?

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಕೆಲಸ ಮಾಡುತ್ತೇನೆ, ವಯಸ್ಸು 26. ಎರಡು ತಿಂಗಳ ಹಿಂದೆ ಒಬ್ಬರ ಜೊತೆ ಕಾಂಡೋಮ್ ಇಲ್ಲದೆ ಸಂಪರ್ಕ ಆಗಿತ್ತು. ಈಗ ತೊಡೆಸಂದಿಯಲ್ಲಿ ಕೆಂಪು ಕಲೆ, ವಿಪರೀತ ತುರಿಕೆ. ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಿದರೆ ಕಡಿಮೆಯಾಗಿ ಮತ್ತೆ ಬರುತ್ತದೆ. ದೀಪಾವಳಿ ಆದಮೇಲೆ ಮದುವೆ. ಇದು ಗುಪ್ತರೋಗವೇ ಡಾಕ್ಟ್ರೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನೀವು ಬರೆದದ್ದು ಗಜಕರ್ಣಕ್ಕೇ ಜಾಸ್ತಿ ಹೊಂದುತ್ತದೆ. ದಿನವಿಡೀ ಚೀಲ ಹೊತ್ತು ಬೆವರುವವರಿಗೆ ಈ ಫಂಗಸ್ ಬೇಗ ಹತ್ತುತ್ತದೆ. ಕಲೆಯ ಅಂಚು ಉಬ್ಬಿ, ನಡುವೆ ತಿಳಿಯಾಗಿ, ಉಂಗುರದಂತೆ ಹರಡುತ್ತಿದೆಯಾ ನೋಡಿ. ಆ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇರಬಹುದು. ಅದು ತುರಿಕೆಯನ್ನಷ್ಟೇ ಅಡಗಿಸಿ ಫಂಗಸ್ಸನ್ನು ಬೆಳೆಸುತ್ತದೆ. ಹಚ್ಚುವುದನ್ನು ನಿಲ್ಲಿಸಿ, ಚರ್ಮದ ಡಾಕ್ಟರಿಗೆ ತೋರಿಸಿ.

ಸಿಫಿಲಿಸ್ ಅನ್ನೋ ಗುಪ್ತರೋಗ ಬೇರೆ ಥರ. ಮೊದಲು ನೋವಿಲ್ಲದ ಒಂದು ಹುಣ್ಣು ಆಗಿ ತಾನೇ ಮಾಯುತ್ತದೆ, ವಾಸಿಯಾಯ್ತು ಅಂತ ಜನ ಸುಮ್ನೆ ಇದ್ದುಬಿಡುತ್ತಾರೆ, ಕೆಲವು ವಾರ ಕಳೆದು ಮೈಮೇಲೆ, ಅಂಗೈ ಅಂಗಾಲಿನಲ್ಲೂ ಕಲೆ ಏಳುತ್ತವೆ. ಅವು ಸಾಮಾನ್ಯವಾಗಿ ತುರಿಸುವುದಿಲ್ಲ.

ಆದರೂ ಕಾಂಡೋಮ್ ಇರಲಿಲ್ಲ ಅಂದಮೇಲೆ ರಕ್ತ ಪರೀಕ್ಷೆ ಆಗಲೇಬೇಕು. ಜಿಲ್ಲಾಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಸಿಫಿಲಿಸ್ ಪರೀಕ್ಷೆಯನ್ನೂ ಕೇಳಿ. ಊರಿನವರು ನೋಡುತ್ತಾರೆ ಅನ್ನೋ ಸಂಕೋಚ ಇದ್ದರೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೆ ಹೋಗಿ, ಮೊದಲು ಮಾತಾಡಬೇಕಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ. ಆ ಸಂಪರ್ಕ ಆಗಿ 3 ತಿಂಗಳು ತುಂಬಿದ ಮೇಲೆ ಪರೀಕ್ಷೆ ಮತ್ತೊಮ್ಮೆ ಮಾಡಿಸಿ. ಸಿಫಿಲಿಸ್ ಅಂತ ಬಂದರೂ ಪೆನಿಸಿಲಿನ್ ಇಂಜೆಕ್ಷನ್‌ನಿಂದ ಗುಣವಾಗುತ್ತದೆ. ಮದುವೆಗೆ ಮುಂಚೆ ರಿಪೋರ್ಟ್ ಕೈಗೆ ಬರಲಿ, ಆ ಹುಡುಗಿಯ ಆರೋಗ್ಯವೂ ಇದರಲ್ಲಿದೆ ಅಲ್ವಾ?