ಕಾಫಿ ಕಡಿಮೆ ಮಾಡಿಸುವ ಸ್ಮಾರ್ಟ್ ಕೋಸ್ಟರ್ (ಕಪ್ಪಿನ ಕೆಳಗಿಡುವ ಬಿಲ್ಲೆ) ಮತ್ತು ಆ್ಯಪ್ ಮಾಡುತ್ತಿದ್ದೇನೆ. ಯಾವ ಸೆನ್ಸರ್ ಹಾಕಲಿ? ಬ್ಲೂಟೂತ್ ಒಳ್ಳೆಯದಾ, ವೈಫೈ ಒಳ್ಳೆಯದಾ?

ಅಯ್ಯೋ, ಇದನ್ನೇ ನಾನೂ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಕಪ್ಪಿನ ಕೆಳಗೆ ತೂಕ ಅಳೆಯುವ ಲೋಡ್ ಸೆಲ್, ಅದರ ಸಿಗ್ನಲ್ ಓದಲು ಎಚ್‌ಎಕ್ಸ್711 ಎಂಬ ಚಿಪ್, ಎಲ್ಲ ನಡೆಸಲು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಫೋನಿನಲ್ಲಿ ಆ್ಯಪ್. ಎರಡು ತಿಂಗಳ ಸಂಜೆಗಳೆಲ್ಲ ಅದಕ್ಕೇ ಹೋದವು.

ಸೆನ್ಸರ್ ತಲೆನೋವು ದೊಡ್ಡದಲ್ಲ. ಬಿಸಿ ಕಪ್ ಇಟ್ಟರೆ ಲೋಡ್ ಸೆಲ್ ಬಿಸಿಯಾಗುತ್ತದೆ, ಬಿಸಿಯಾದರೆ ಅದು ತೋರಿಸುವ ತೂಕ ತಾನಾಗಿಯೇ ಜಾರುತ್ತದೆ. ಯಾರೂ ಕಪ್ ಮುಟ್ಟದಿದ್ದರೂ ನನ್ನ ಆ್ಯಪ್ ಗುಟುಕು ಎಣಿಸುತ್ತಿತ್ತು! ನಡುವೆ ಕಾರ್ಕ್ ಹಾಕಿದೆ. ಕಪ್ ಎತ್ತಿ ಮತ್ತೆ ಇಟ್ಟರೆ ಮಾತ್ರ ಗುಟುಕು ಎಂದು ಕೋಡ್ ಬದಲಿಸಿದೆ. ಸರಿಹೋಯಿತು.

ನನ್ನನ್ನು ಕೆಡಿಸಿದ್ದು ಆ್ಯಪ್‌ನ ಮೊದಲ ಸ್ಕ್ರೀನ್. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ತನಕ ಕೆಫೀನ್ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಹೇಳುತ್ತದೆ. ನಾನು ಆ ಅಂಕಿಯನ್ನೇ ಎತ್ತಿಕೊಂಡೆ. ಕಪ್ಪಿಗೆ ಸುಮಾರು 95 ಮಿಲಿಗ್ರಾಂ ಎಂದು ಲೆಕ್ಕ ಹಾಕಿ, ದಿನಕ್ಕೆ 4 ಕಪ್ ಎಂದು ಮಿತಿ ಇಟ್ಟೆ. ಸ್ಕ್ರೀನಿನ ಮಧ್ಯೆ ದೊಡ್ಡ ಹಸಿರು ಅಕ್ಷರದಲ್ಲಿ ‘ಇನ್ನು 1 ಕಪ್ ಬಾಕಿ’ ಎಂದು ಬರುವ ಹಾಗೆ ಮಾಡಿದೆ. ಚೆನ್ನಾಗಿ ಕಾಣುತ್ತಿತ್ತು ಬಿಡಿ.

ಈಗ ನೋಡಿ. ಮುಂಚೆ ನಾನು ಒಂದು ದಿನ 5 ಕುಡಿದರೆ ಇನ್ನೊಂದು ದಿನ ಕೆಲಸದ ಗಡಿಬಿಡಿಯಲ್ಲಿ 2ಕ್ಕೇ ನಿಲ್ಲಿಸುತ್ತಿದ್ದೆ. ಆ್ಯಪ್ ಬಂದ ಮೇಲೆ ಪ್ರತಿ ದಿನವೂ 4. ಸಂಜೆ ಏಳಕ್ಕೆ ಕಾಫಿ ನೆನಪೇ ಇರುವುದಿಲ್ಲ, ಫೋನ್ ತೆಗೆದರೆ ‘ಬಾಕಿ’ ಅನ್ನುತ್ತದೆ. ಬಾಕಿ ಎಂದರೆ ನನಗೆ ಬರಬೇಕಾದದ್ದು, ಅಲ್ವಾ? ಹೋಗಿ ಕುಡಿಯುತ್ತಿದ್ದೆ. ಅದು ‘ಇದಕ್ಕಿಂತ ಮೇಲೆ ಹೋಗಬೇಡ’ ಎನ್ನುವ ಅಂಕಿ. ನಾನು ಅದನ್ನು ರೇಷನ್ ಮಾಡಿಬಿಟ್ಟೆ. ರೇಷನ್ ಯಾರಾದರೂ ಬಿಡುತ್ತಾರಾ? ಸಾಲದ್ದಕ್ಕೆ ಗ್ರಾಫ್ ನೆಟ್ಟಗೆ ಒಂದೇ ಗೆರೆಯಾಗಿತ್ತು, ‘ಗುರಿ ತಲುಪಿದ್ದೀರಿ’ ಎಂದು ಶಭಾಷ್‌ಗಿರಿ ಬೇರೆ. ಆ ಶಭಾಷ್‌ಗಿರಿಯ ಸಾಲು ಬರೆದವನೂ ನಾನೇ.

ಕೆಫೀನ್ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಅಂದರೆ ಏಳರ ಕಪ್ಪಿನ ಅರ್ಧ ನಡುರಾತ್ರಿಯಲ್ಲೂ ಮೈಯಲ್ಲೇ ಇರುತ್ತದೆ. ನಿದ್ದೆ ಹಾಳು. ಬೆಳಿಗ್ಗೆ ಎದ್ದ ತಕ್ಷಣ ಕಾಫಿ ಇಲ್ಲದೆ ಕಣ್ಣು ಬಿಡಲಾಗದು.

ಹಾಗಾಗಿ ನನ್ನ ಮಾತು ಕೇಳುವುದಾದರೆ ಈ ಡಿವೈಸ್ ಮಾಡಬೇಡಿ. ಎಷ್ಟು ಕುಡಿಯುತ್ತೀರಿ ಎಂದು ನಿಮಗೆ ಗೊತ್ತಿಲ್ಲವಾ? ಗೊತ್ತಿದೆ. ಅಳತೆ ಇಲ್ಲದ್ದಕ್ಕೆ ಯಾರೂ ಜಾಸ್ತಿ ಕುಡಿಯುವುದಿಲ್ಲ. ಇನ್ನೊಂದು, ಬೇರೆ ಕಡೆ ಕುಡಿದ ಕಪ್ ನಿಮ್ಮ ಕೋಸ್ಟರಿಗೆ ಕಾಣುವುದೇ ಇಲ್ಲ. ನನ್ನದಕ್ಕೂ ಕಾಣಲಿಲ್ಲ, ಅದನ್ನು ನಾನು ಚೆನ್ನಾಗಿಯೇ ಬಳಸಿಕೊಂಡೆ.

ನನಗೆ ಕೆಲಸ ಮಾಡಿದ್ದು ಗಡಿಯಾರ. ಮಧ್ಯಾಹ್ನ ಎರಡರ ಮೇಲೆ ಕಾಫಿ ಇಲ್ಲ, ಅಷ್ಟೇ. ಉಳಿದದ್ದನ್ನು ಮೂರ್ನಾಲ್ಕು ದಿನಕ್ಕೊಮ್ಮೆ ಅರ್ಧ ಕಪ್ಪಿನಂತೆ ಇಳಿಸಿದೆ. ಒಂದೇ ಸಲ ಬಿಡಲು ಹೋಗಬೇಡಿ. 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ, ಕೆಲವರಿಗೆ ವಾರ ಪೂರ್ತಿ ಕಾಡುತ್ತದೆ. ಅದು ಸುಮ್ನೆ ನೆಪವಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಕೂಡ ಕೆಫೀನ್ ಬಿಟ್ಟಾಗ ಆಗುವ ಈ ತೊಂದರೆಯನ್ನು 2013ರಲ್ಲಿ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ.

ಆದರೂ ಮಾಡಿಯೇ ತೀರುತ್ತೀರಿ, ಗೊತ್ತು. ನಾನೂ ಯಾರ ಮಾತೂ ಕೇಳಿರಲಿಲ್ಲ. ಹಾಗಿದ್ದರೆ ‘ಬಾಕಿ’ ಎಂಬ ಪದ ಸ್ಕ್ರೀನಿನ ಮೇಲೆ ಎಲ್ಲೂ ಬರದಿರಲಿ. ಕೊನೆಯ ಕಪ್ ಆಗಿ ಎಷ್ಟು ಹೊತ್ತಾಯಿತು ಎಂದಷ್ಟೇ ತೋರಿಸಿ.

ಹಾಂ, ನೀವು ಕೇಳಿದ್ದು: ಬ್ಲೂಟೂತ್. ವೈಫೈ ಹಾಕಿದರೆ ಬ್ಯಾಟರಿ ಬೇಗ ಖಾಲಿ.