ಶಾಯಿ ಬೀಳದ ಬೆರಳು: ದಾವಣಗೆರೆಯ ಅಕ್ಕನಿಗೆ ಉತ್ತರ

ದಾವಣಗೆರೆಯಿಂದ ನಾಲ್ಕು ಪುಟದ ಪತ್ರವೊಂದು ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಬರೆದವರು ಮನೆಯಲ್ಲೇ ಬ್ಲೌಸ್ ಹೊಲಿದು ಸಂಸಾರ ನಡೆಸುವ 61 ವರ್ಷದ ಹೆಣ್ಣುಮಗಳು. ಪತ್ರದ ಸಾರ ಇಷ್ಟು. 2024ರ ಮೇ 7ರಂದು ಲೋಕಸಭೆ ಚುನಾವಣೆಗೆ ವೋಟು ಹಾಕಲು ಹೋದರು. ಬಿಸಿಲೇರುವ ಮೊದಲೇ ಮುಗಿಸೋಣ ಅಂತ ಬೇಗ ಹೊರಟರೂ ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಲ್ಲಬೇಕಾಯಿತು. ಒಳಗೆ ಹೋಗಿ ಚೀಟಿ ಕೊಟ್ಟರೆ, ಪಟ್ಟಿ ಹಿಡಿದು ಕೂತಿದ್ದವರು "ನಿಮ್ದು ಆಗ್ಲೇ ಆಗಿದೆಯಲ್ಲಮ್ಮ" ಅಂದರು. ಹೆಸರಿನ ಮೇಲೆ ಗೆರೆ ಎಳೆದಿತ್ತು. ಅಕ್ಕ ಎಡಗೈ ಬೆರಳು ಚಾಚಿ ತೋರಿಸಿದರು. ಶಾಯಿ ಇಲ್ಲ, ಸೂಜಿ ಚುಚ್ಚಿದ ಕಲೆ ಬಿಟ್ಟರೆ ಬೇರೇನೂ ಇಲ್ಲ. ಹಿಂದಿದ್ದವರು "ಸ್ವಲ್ಪ ಸರೀರಿ" ಅಂತ ಗೊಣಗಿದರು. "ನಾವೇನೂ ಮಾಡೋಕೆ ಬರಲ್ಲ" ಅಂತ ಒಳಗಿನವರು ಅಂದರು. ಅಕ್ಕ ವಾಪಸ್ ಬಂದರು. ಮೊಮ್ಮಗಳು ಬಾಗಿಲಲ್ಲೇ ನಿಂತು "ಎಲ್ಲಿ, ಬೆರಳು ತೋರ್ಸು" ಅಂದಳಂತೆ.

ಕೊನೆಯಲ್ಲಿ ಮೂರು ಪ್ರಶ್ನೆ ಕೇಳಿದ್ದಾರೆ. ಹೀಗೆ ಆದಾಗ ಏನು ಮಾಡಬೇಕಿತ್ತು? ಇಂಥ ವೋಟು ಶೇ 14 ದಾಟಿದರೆ ಆ ಬೂತಿನಲ್ಲಿ ಮರುಮತದಾನ ಆಗುತ್ತದೆ ಅಂತ ಮಗ ವಾಟ್ಸ್ಆ್ಯಪ್‌ನಲ್ಲಿ ತೋರಿಸಿದ್ದು ನಿಜವಾ? ಇನ್ನು ಮುಂದೆ ನಾನು ಹೋಗಬೇಕಾ?

ಅಕ್ಕಾ, ನೀವು ನನಗಿಂತ ಹಿರಿಯರು, ಹಾಗಾಗಿ ಅಕ್ಕ ಅಂತಲೇ ಕರೆಯುತ್ತೇನೆ. ನಿಮ್ಮ ಪತ್ರ ಓದಿ ನನಗೆ ಸಂಕಟವಾಯಿತು. ಮೊದಲು ಒಂದು ಮಾತು ಹೇಳಿಬಿಡುತ್ತೇನೆ: "ಏನೂ ಮಾಡೋಕೆ ಬರಲ್ಲ" ಅಂದದ್ದು ತಪ್ಪು. ಮಾಡಲು ಬರುತ್ತಿತ್ತು. ಅದಕ್ಕೆ ನಿಯಮವೇ ಇದೆ.

ಚುನಾವಣೆ ನಡೆಸುವ 1961ರ ನಿಯಮಗಳಲ್ಲಿ 49-ಪಿ ಅಂತ ಒಂದಿದೆ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ವೋಟು ಹಾಕಿ ಹೋಗಿದ್ದರೆ, ಮತಗಟ್ಟೆಯ ಮುಖ್ಯಸ್ಥರಾದ ಪ್ರಿಸೈಡಿಂಗ್ ಆಫೀಸರ್ ನೀವು ಯಾರು ಅಂತ ಪ್ರಶ್ನೆ ಕೇಳುತ್ತಾರೆ. ನಿಮ್ಮ ಉತ್ತರ ಸರಿ ಅನಿಸಿದರೆ ಕಾಗದದ ಮತಪತ್ರ ಕೊಡಲೇಬೇಕು. ಇದಕ್ಕೆ ಟೆಂಡರ್ ವೋಟ್ ಅಂತಾರೆ. ಇದಕ್ಕಾಗಿಯೇ ಪ್ರತಿ ಬೂತಿಗೂ ಸಾಮಾನ್ಯವಾಗಿ 20 ಮತಪತ್ರ ಕೊಟ್ಟು ಕಳಿಸಿರುತ್ತಾರೆ. 17-ಬಿ ಅನ್ನುವ ನಮೂನೆಯಲ್ಲಿ ನಿಮ್ಮ ಹೆಸರು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ನೀವು ಮರೆಯಲ್ಲಿ ನಿಂತು, ಹಳೇ ಕಾಲದ ಹಾಗೆ ರಬ್ಬರ್ ಸೀಲು ಒತ್ತಿ, ಮಡಚಿ ಅವರ ಕೈಗೆ ಕೊಡಬೇಕು. ಅವರು ಅದನ್ನು ಬೇರೆಯೇ ಕವರಿನಲ್ಲಿ ಹಾಕಿ ಇಡುತ್ತಾರೆ.

ಆ ಸೀಲಿನ ನೆನಪು ನಿಮಗೆ ಇದ್ದೇ ಇರುತ್ತದೆ, ಅಲ್ವಾ? ನಾಲ್ಕು ಕಡೆಗೆ ಬಾಣ ತಿರುಗಿದ ಹಾಗಿರುವ ಗುರುತು. ಮಡಚಿದಾಗ ಶಾಯಿ ಇನ್ನೊಂದು ಮಗ್ಗುಲಿಗೆ ಅಂಟಿದರೆ ಗುರುತು ಉಲ್ಟಾ ಕಾಣುತ್ತದೆ. ಹಾಗಾಗಿ ಯಾವುದು ನಿಜವಾಗಿ ಒತ್ತಿದ್ದು, ಯಾವುದು ಅಂಟಿದ್ದು ಅಂತ ಎಣಿಸುವವರಿಗೆ ಗೊತ್ತಾಗುತ್ತದೆ. ನಮ್ಮಜ್ಜಿ ಮತಪತ್ರ ಮಡಚುವುದನ್ನು ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಮೂರು ಸಲ ಅಭ್ಯಾಸ ಮಾಡಿ ಹೋಗುತ್ತಿದ್ದರು. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಸೀರೆ ನಿರಿಗೆ ಹಿಡಿದಷ್ಟೇ ಜೋಪಾನ.

ಈಗ ಕಷ್ಟದ ಮಾತು. ಟೆಂಡರ್ ವೋಟನ್ನು ಮಾಮೂಲಿ ಎಣಿಕೆಯಲ್ಲಿ ಸೇರಿಸುವುದಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಟ್ಟರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಆ ಕವರು ಮೊಹರಾಗಿ ಇರುತ್ತದೆ, ಅಷ್ಟೇ. ಯಾರಾದರೂ ಚುನಾವಣಾ ತಕರಾರು ಅರ್ಜಿ ಹಾಕಿ, ಕೋರ್ಟು ಹೇಳಿದರೆ ಮಾತ್ರ ತೆರೆಯುತ್ತಾರೆ.

ಹಾಗಾದರೆ ಅದರಿಂದ ಏನು ಬಂತು ಅಂತ ನೀವು ಕೇಳಬಹುದು. ನಾನೂ ನಮ್ಮಪ್ಪನನ್ನು ಇದನ್ನೇ ಕೇಳಿದ್ದೆ.

ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಚುನಾವಣೆ ಬಂತು ಅಂದರೆ ಡ್ಯೂಟಿ ತಪ್ಪುತ್ತಿರಲಿಲ್ಲ. ಹಿಂದಿನ ದಿನವೇ ಪೆಟ್ಟಿಗೆ, ಪಟ್ಟಿ, ಅರಗು, ಮೇಣದ ಬತ್ತಿ ಎಲ್ಲ ಲೆಕ್ಕ ಹಾಕಿ ತೆಗೆದುಕೊಂಡು, ಲಾರಿಯಲ್ಲೋ ಬಸ್ಸಿನಲ್ಲೋ ಊರು ಸೇರಿ, ಯಾವುದೋ ಶಾಲೆಯ ಬೆಂಚಿನ ಮೇಲೆ ಮಲಗಬೇಕು. ಒಂದು ಸಲ ಅವರ ಬೂತಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ಗಂಡನ ಹೆಸರೂ ಹತ್ತಿರ ಹತ್ತಿರ. ಬೆಳಗಿನ ನೂಕುನುಗ್ಗಲಿನಲ್ಲಿ ಅಪ್ಪ ಒಬ್ಬರು ಬಂದಾಗ ಇನ್ನೊಬ್ಬರ ಹೆಸರಿನ ಮೇಲೆ ಗೆರೆ ಎಳೆದುಬಿಟ್ಟಿದ್ದರು. ಮಧ್ಯಾಹ್ನ ಎರಡನೆಯವರು ಹೊಲದಿಂದ ಸೀದಾ ಬಂದರು, ಸೊಂಟದಲ್ಲಿ ಕುಡುಗೋಲು. ನಿಮ್ಮದು ಆಗಿದೆ ಅಂದರೆ ಆಕೆ ಜಗಳ ಆಡಲಿಲ್ಲ, ಅಳಲಿಲ್ಲ. ಕುಡುಗೋಲನ್ನು ಹೊರಗಿದ್ದ ಪೊಲೀಸಿನವನ ಕೈಗೆ ಕೊಟ್ಟು, ಒಳಗೆ ಬಂದು ಗೋಡೆಗೆ ಒರಗಿ ಕೂತರು. "ನನ್ ಓಟು ಎಲ್ಲೈತೋ ಹುಡುಕಿ ಕೊಡ್ರಿ. ನಾ ಕುಂತಿರ್ತೀನಿ" ಅಂದರು. ಪ್ರಿಸೈಡಿಂಗ್ ಆಫೀಸರ್ ಕೈಪಿಡಿ ತೆಗೆದು ಓದಿ, ಕೊನೆಗೆ ಟೆಂಡರ್ ಮತಪತ್ರ ಕೊಟ್ಟರು. ಆಕೆ ಸೀಲು ಒತ್ತಿ, ಕುಡುಗೋಲು ವಾಪಸ್ ತೆಗೆದುಕೊಂಡು ಹೋದರು.

ಅಪ್ಪ ಇದನ್ನು ಪ್ರತಿ ಚುನಾವಣೆಗೂ ನೆನೆಸಿಕೊಳ್ಳುತ್ತಿದ್ದರು. "ಆ ವೋಟು ಪೆಟ್ಟಿಗೆಗೆ ಬೀಳಲಿಲ್ಲ, ಕವರಿಗೆ ಹೋಯಿತು. ನನ್ನ ಗೆರೆಯಿಂದ" ಅನ್ನುತ್ತಿದ್ದರು. ಮುಂದಿನ ಡ್ಯೂಟಿಗಳಲ್ಲಿ ಹೆಸರು ಕೂಗಿದ ಮೇಲೆ ತಂದೆಯ ಹೆಸರು, ಗಂಡನ ಹೆಸರು, ಮನೆ ನಂಬರು ಎಲ್ಲ ಕೇಳಿಯೇ ಗೆರೆ ಎಳೆಯುತ್ತಿದ್ದರಂತೆ. ಕ್ಯೂ ನಿಧಾನ ಆಯಿತು ಅಂತ ಬೈಸಿಕೊಂಡದ್ದೂ ಇದೆ. ಆಕೆ ಸುಮ್ನೆ ಮನೆಗೆ ಹೋಗಿದ್ದರೆ ಅಪ್ಪನಿಗೆ ತನ್ನ ತಪ್ಪು ಗೊತ್ತೇ ಆಗುತ್ತಿರಲಿಲ್ಲ. ನೀವು ವಾಪಸ್ ಬಂದದ್ದರಿಂದ ಆದ ನಷ್ಟ ಇದು ಅಕ್ಕಾ. ಟೆಂಡರ್ ವೋಟು ಹಾಕಿದ್ದರೆ ಪ್ರಿಸೈಡಿಂಗ್ ಆಫೀಸರ್ ತಮ್ಮ ಆ ದಿನದ ಡೈರಿಯಲ್ಲಿ ಅದರ ಲೆಕ್ಕ ಬರೆಯಬೇಕಿತ್ತು. ಈಗ ದಾಖಲೆಯ ಪ್ರಕಾರ ನೀವು ವೋಟು ಹಾಕಿದ್ದೀರಿ, ಎಲ್ಲವೂ ಸರಿಯಾಗಿಯೇ ನಡೆದಿದೆ.

ಒಂದು ವೋಟಿನ ಬೆಲೆ ಏನು ಅಂತ ನಿಮ್ಮ ಪಕ್ಕದ ಮನೆಯವರು ಅಂದರು ಅಂತ ಬರೆದಿದ್ದೀರಿ. ಅವರಿಗೆ ಸಂತೇಮರಹಳ್ಳಿಯ ಕಥೆ ಹೇಳಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು. ರಾಜಸ್ಥಾನದ ನಾಥದ್ವಾರದಲ್ಲಿ 2008ರಲ್ಲಿ ಸಿ.ಪಿ. ಜೋಶಿ ಸೋತದ್ದೂ ಒಂದೇ ವೋಟಿನಿಂದ. ಆ ಕೇಸು ಕೋರ್ಟು ಹತ್ತಿತು, ಟೆಂಡರ್ ವೋಟುಗಳ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎಲ್ಲೋ ಬೀರುವಿನಲ್ಲಿ ಮೊಹರಾಗಿದ್ದ ಕವರಿನ ಮೇಲೆ ದೊಡ್ಡ ದೊಡ್ಡ ವಕೀಲರು ವಾದ ಮಾಡಿದರು. ಅಷ್ಟು ದೂರ ಯಾಕೆ, 2023ರ ಮೇ 13ರ ರಾತ್ರಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆ ಆಗಿ ಕೊನೆಗೆ ಬಂದ ಅಂತರ 16 ಮತ. ಹದಿನಾರು ಜನ ಅಂದರೆ ನಿಮ್ಮ ಓಣಿಯ ನಾಲ್ಕು ಮನೆ.

ಇನ್ನು ಆ ಶೇ 14ರ ಮೆಸೇಜು. ಅದು ಸುಳ್ಳು. ಅಂಥ ನಿಯಮ ಎಲ್ಲೂ ಇಲ್ಲ. ಆ ಮೆಸೇಜು 2019ರಲ್ಲೂ ಓಡಾಡಿತ್ತು, 2024ರಲ್ಲೂ ಬಂತು. ಅದರಲ್ಲೇ ಇನ್ನೊಂದು ಸುಳ್ಳಿದೆ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಧಾರ್ ತೋರಿಸಿ ಚಾಲೆಂಜ್ ವೋಟ್ ಹಾಕಬಹುದು ಅಂತ. ಚಾಲೆಂಜ್ ಅನ್ನುವುದು ಬೇರೆಯೇ. ಕ್ಯೂನಲ್ಲಿ ಬಂದವರು ಅವರಲ್ಲ ಅಂತ ಪಕ್ಷದ ಏಜೆಂಟರು 2 ರೂಪಾಯಿ ಕಟ್ಟಿ ಆಕ್ಷೇಪ ಎತ್ತುವುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡು ತೋರಿಸಿದರೂ ವೋಟಿಲ್ಲ. ದಯವಿಟ್ಟು ಮಗನಿಗೆ ಇದನ್ನು ಓದಿಸಿ. ಮತಗಟ್ಟೆಗೆ ಹೋಗಿ ಇಲ್ಲದ ನಿಯಮಕ್ಕೆ ಜಗಳ ಆಡುವವರ ನಡುವೆ, ಇರುವ ನಿಯಮ ಕೇಳುವವರ ದನಿ ಮುಳುಗಿ ಹೋಗುತ್ತದೆ.

"ನನಗೊಬ್ಬಳಿಗೇ ಹೀಗಾಯಿತೇನೋ" ಅಂತ ಬರೆದಿದ್ದೀರಿ. ಇಲ್ಲ ಅಕ್ಕಾ. ಚುನಾವಣೆ ಮುಗಿದ ಮೇಲೆ ನಮಗೆ ಬಂದ ಪತ್ರಗಳಲ್ಲಿ ಇಂಥವು ಇನ್ನೂ ಇವೆ. ಒಬ್ಬ ತಾಯಿಗೆ ತನ್ನ ಹೆಸರು ಪಟ್ಟಿಯಿಂದ ತೆಗೆದದ್ದು ಬೂತಿನ ಬಾಗಿಲಲ್ಲಿ ಗೊತ್ತಾಗಿದೆ. ಗಂಡ, ಮಗ, ಸೊಸೆ ಎಲ್ಲರ ಹೆಸರಿದೆ, ಅವರದ್ದು ಮಾತ್ರ ಇಲ್ಲ. ಸಂತೋಷದ ಪತ್ರಗಳೂ ಇವೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹುಡುಗಿಯೊಬ್ಬಳು ಏಪ್ರಿಲ್ 25ರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ನಿಂತೇ ಹೋಗಿ, ಮಂಡ್ಯದ ತನ್ನ ಹಳ್ಳಿಯಲ್ಲಿ ಮೊದಲ ಸಲ ವೋಟು ಹಾಕಿದ್ದಾಳೆ. ಬಟನ್ ಒತ್ತಿದ ಮೇಲೆ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡು ನಿಲ್ಲುತ್ತದಲ್ಲ, ಅದನ್ನು ಮನಸ್ಸಿನಲ್ಲೇ ಎಣಿಸಿದಳಂತೆ. ಆರು ಅನ್ನುವಷ್ಟರಲ್ಲಿ ಬಿತ್ತು ಅಂತ ಬರೆದಿದ್ದಾಳೆ. ಮಂಡ್ಯದಲ್ಲಿ ಆ ಚುನಾವಣೆಯಲ್ಲಿ ಶೇ 81ಕ್ಕೂ ಹೆಚ್ಚು ಮತದಾನ, ಬೆಂಗಳೂರು ದಕ್ಷಿಣದಲ್ಲಿ ಶೇ 53ರ ಆಸುಪಾಸು. ಬೆಂಗಳೂರಿನವರಿಗೆ ಆಸಕ್ತಿ ಇಲ್ಲ ಅಂತ ಬೈಯುವ ಮೊದಲು, ಊರಿಗೆ ಹೋಗಿ ವೋಟು ಹಾಕುವ ಇಂಥವರನ್ನೂ, ಮನೆ ಬದಲಿಸಿದರೂ ಹಳೇ ವಿಳಾಸದಲ್ಲೇ ಉಳಿದ ಹೆಸರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ನನ್ನ ಅಭಿಪ್ರಾಯ.

ಪಟ್ಟಿಯಲ್ಲಿ ಹೆಸರಿನ ವಿಷಯ ಬಂದಾಗಲೆಲ್ಲ ನನಗೆ ಮೊದಲ ಚುನಾವಣೆ ನೆನಪಾಗುತ್ತದೆ. 1951-52ರದ್ದು. ಪಟ್ಟಿ ಬರೆಯಲು ಹೋದವರಿಗೆ ಬಹಳಷ್ಟು ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತಷ್ಟೇ ಬರೆಸಿದರು. ಹಾಗೆ ಬರೆದರೆ ಆಗುವುದಿಲ್ಲ, ಅವರವರ ಹೆಸರೇ ಬೇಕು ಅಂತ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು, ಹೆಚ್ಚಿನವರು ಉತ್ತರದ ರಾಜ್ಯಗಳವರು. ಅದು ಸಣ್ಣ ನೋವಲ್ಲ. ಆದರೆ ಮುಂದಿನ ಚುನಾವಣೆಗಳಲ್ಲಿ ಅವರು ತಮ್ಮ ಹೆಸರು ತಾವೇ ಹೇಳಿ ಬರೆಸಿದರು. ನಿಮ್ಮ ಹೆಸರು ಪಟ್ಟಿಯಲ್ಲಿ ನಿಮ್ಮ ಹೆಸರಾಗಿಯೇ ಇದೆ. ಅದರ ಮೇಲೆ ಬೇರೆಯವರು ಗೆರೆ ಎಳೆದುಬಿಟ್ಟರೆ ಸುಮ್ಮನಿರಬಾರದು.

ಹಾಗಾಗಿ ಮೂರನೇ ಪ್ರಶ್ನೆಗೆ ನನ್ನ ಉತ್ತರ: ಹೋಗಲೇಬೇಕು. ಮುಂದಿನ ಸಲ ಸ್ವಲ್ಪ ತಯಾರಾಗಿ ಹೋಗಿ. ಚುನಾವಣೆ ಘೋಷಣೆ ಆಗುವವರೆಗೂ ಕಾಯಬೇಡಿ. ಈಗಲೇ ಮಗನ ಫೋನಿನಲ್ಲಿ ಚುನಾವಣಾ ಆಯೋಗದ ಆ್ಯಪ್ ತೆಗೆಸಿ, ಇಲ್ಲವೇ 1950ಕ್ಕೆ ಫೋನ್ ಮಾಡಿಸಿ, ಹೆಸರು ಇದೆಯೇ ನೋಡಿ. ತಿದ್ದುಪಡಿ ಇದ್ದರೆ ನಮೂನೆ 8. ಹೆಸರೇ ಹೋಗಿದ್ದರೆ ನಮೂನೆ 6, ಹೊಸದಾಗಿ ಸೇರಿಸಲು. ನಿಮ್ಮ ಬೀದಿಯ ಬಿಎಲ್ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಯಾರು ಅಂತ ತಿಳಿದುಕೊಳ್ಳಿ. ಸಾಮಾನ್ಯವಾಗಿ ಅಂಗನವಾಡಿ ಟೀಚರೋ ಶಾಲೆಯ ಮೇಷ್ಟ್ರೋ ಆಗಿರುತ್ತಾರೆ, ನಿಮಗೆ ಮುಖ ಪರಿಚಯ ಇದ್ದೇ ಇರುತ್ತದೆ.

ಬೂತಿನಲ್ಲಿ ಮತ್ತೆ ಹೀಗಾದರೆ ಪಟ್ಟಿ ಹಿಡಿದವರ ಹತ್ತಿರ ವಾದ ಮಾಡಬೇಡಿ. "ಪ್ರಿಸೈಡಿಂಗ್ ಆಫೀಸರ್ ಯಾರು? ನನಗೆ ಟೆಂಡರ್ ವೋಟ್ ಬೇಕು" ಅಂತ ಸೀದಾ ಕೇಳಿ. ಅಷ್ಟು ಸಾಕು. ವೋಟು ಹಾಕಿದ ಪ್ರತಿಯೊಬ್ಬರ ಸಹಿ ಅಥವಾ ಹೆಬ್ಬೆಟ್ಟು ಅಲ್ಲಿನ ರಿಜಿಸ್ಟರಿನಲ್ಲಿ ಇರುತ್ತದೆ, ನಿಮ್ಮ ಕ್ರಮಸಂಖ್ಯೆಯ ಮುಂದೆ ಯಾರ ಸಹಿ ಇದೆ ಅಂತ ನೋಡಲು ಹೇಳಿ. ಹಿಂದಿನವರು ಗೊಣಗಿದರೆ ಗೊಣಗಲಿ. ಆ ಐದು ನಿಮಿಷ ನಿಮ್ಮದು.

ಕೊನೆಗೆ ಒಂದು ವಿಷಯ. ನಿಮ್ಮ ಪತ್ರದ ಮೂರನೇ ಪುಟದಲ್ಲಿ ನೀವೇ ಗಮನಿಸದೆ ಬರೆದ ಒಂದು ಸಾಲಿದೆ. ಹಿಂದಿನ ಬೀದಿಯಲ್ಲಿ ನಿಮ್ಮದೇ ಹೆಸರಿನ ಇನ್ನೊಬ್ಬರಿದ್ದಾರೆ, ಅವರು ಬೆಳಗ್ಗೆ ಏಳಕ್ಕೇ ಹೋಗಿ ವೋಟು ಹಾಕಿ ಬಂದಿದ್ದರು, ಅವರ ಬೆರಳು ನೋಡಿಯೇ ನೀವೂ ಬೇಗ ಹೊರಟಿರಿ ಅಂತ. ನನಗೆ ಅಪ್ಪ ಎಳೆದ ಗೆರೆ ನೆನಪಾಯಿತು. ಕಳ್ಳ ವೋಟು ಅಂತ ನೀವು ಯಾರ ಮೇಲೂ ಅನುಮಾನ ಪಡುವ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಬನ್ನಿ. ವೋಟರ್ ಚೀಟಿಯನ್ನು ಎಷ್ಟೋ ಜನ ದೇವರ ಫೋಟೋ ಹಿಂದೆ ಸಿಕ್ಕಿಸಿ ಇಟ್ಟಿರುತ್ತಾರೆ. ಅವರೂ ಇಟ್ಟಿದ್ದರೆ ಅದರ ಮೇಲಿನ ಭಾಗ ಸಂಖ್ಯೆ, ಕ್ರಮಸಂಖ್ಯೆ ನೋಡಿ, ನಿಮ್ಮದರ ಪಕ್ಕದಲ್ಲಿ ಇಟ್ಟು ಹೋಲಿಸಿ. ಏನು ಸಿಕ್ಕಿತು ಅಂತ ನನಗೊಂದು ಕಾರ್ಡು ಬರೆಯಿರಿ.